ಲೋಗೋ ರೆಡಿ, ಓದೋದು ಯಾವಾಗ?

(1/10)
ಮೊದಲನೇ ಫೋಟೋ: ಶಿವಯೋಗ ಮಂದಿರದ ಹತ್ರ ಮಲಪ್ರಭಾ ದಂಡೆ. ಹೋದ ಭಾನುವಾರ ಸಂಜೆ ಆರು ಗಂಟೆ.

ಫೋಟೋದಾಗ ಹೊಳಿ ಐತಿ, ಕಲ್ಲು ಐತಿ, ಒಂದು ನಾಯಿ ಐತಿ. ಮಂದಿ ಇಲ್ಲ. ಯಾರನ್ನೂ ಕ್ರಾಪ್ ಮಾಡಿಲ್ಲ, ಯಾರೂ ಬಂದೇ ಇರಲಿಲ್ಲ.

"ಈ ಭಾನುವಾರ ಪಕ್ಕಾ ಸೇರೂಣು, ಒಂದು ಕತಿ ಓದೂಣು" ಅಂತ ಗ್ರೂಪಿಗೆ ಹಾಕಿದಾಗ ಹದಿನೆಂಟು ಹೆಬ್ಬೆಟ್ಟು ಬಂದ್ವು. ಎರಡು ಬೆಂಕಿ, ಒಂದು ಕೈ ಮುಗಿಯೋದು. ನಾನು ನಂಬಿಬಿಟ್ಟೆ. ಕತಿಯ ಹತ್ತು ಝೆರಾಕ್ಸ್ ಮಾಡಿಸಿ, ಶೇಂಗಾ ಕಟ್ಟಿಸಿಕೊಂಡು ಹೋಗಿ ಕುಂತೆ. ಆರೂವರೆಗೆ ಒಂದು ಮೆಸೇಜ್: "ಸಾರಿ ದೋಸ್ತ, ಮುಂದಿನ ವಾರ ಗ್ರ್ಯಾಂಡ್ ಆಗಿ ಮಾಡೂಣು." ಅದಕ್ಕೂ ಒಂಬತ್ತು ಹೆಬ್ಬೆಟ್ಟು.

ನಮ್ಮ ಮುತ್ಯಾಗಳು ಓದಾಕ ಬರದಿದ್ದಕ್ಕ ಹೆಬ್ಬೆಟ್ಟು ಒತ್ತುತ್ತಿದ್ದರು. ನಾವು ಓದಾಕ ಬಂದೂ ಹೆಬ್ಬೆಟ್ಟು ಎತ್ತತೀವಿ. ಅವರ ಹೆಬ್ಬೆಟ್ಟಿಗೆ ಬೆಲೆ ಇತ್ತು, ಹೊಲ ಹೋಗುತ್ತಿತ್ತು, ಸಾಲ ಏರುತ್ತಿತ್ತು. ನಮ್ಮದಕ್ಕೆ ಒಂದು ಸಂಜಿ ಸುದ್ದಾ ಹೋಗೂದಿಲ್ಲ.

ಇದು ಸಿಟ್ಟಿನ ಪೋಸ್ಟ್. ಹತ್ತು ಕಂತು. ಯಾರ ಹೆಸರೂ ಹಾಕೂದಿಲ್ಲ, ಯಾಕಂದ್ರ ಇದರಾಗ ನನ್ನ ತಪ್ಪೂ ಐತಿ, ಅದನ್ನೂ ಹೇಳತೀನಿ. ಪೂರ್ತಿ ಓದ್ರಿ, ಆಮ್ಯಾಲೆ ಬೈರಿ.

(2/10)
ಮೊದಲು ಲೆಕ್ಕ ಕೊಡತೀನಿ. ಗ್ರೂಪ್ ಮಾಡಿ ಐದು ತಿಂಗಳಾತು. ಈ ಐದು ತಿಂಗಳಾಗ ನಾವು ಮಾಡಿದ್ದು ಏನು?

ಹೆಸರಿನ ಮೇಲೆ ಮೂರು ವಾರ ಚರ್ಚೆ. ಇನ್ನೂ ಫೈನಲ್ ಆಗಿಲ್ಲ. ಲೋಗೋ ನಾಲ್ಕು ಸಲ ಬದಲಾತು: ಮೊದಲು ಪೆನ್ನು, ಆಮೇಲೆ ದೀಪ, ಆಮೇಲೆ ಬಾದಾಮಿ ಗುಹೆಯ ಕಂಬ, ಈಗ ಮೂರೂ ಕೂಡಿ ಒಂದು. ಟೀ ಶರ್ಟ್ ಕರಿದೋ ಮೆರೂನೋ ಅಂತ ವೋಟಿಂಗ್. ಉದ್ಘಾಟನೆಗೆ ಯಾರನ್ನ ಕರಸೂದು, ಅವರಿಗೆ ಶಾಲು ಹಾಕೂದೋ ಪುಸ್ತಕ ಕೊಡೂದೋ, ನಿರೂಪಣೆ ಯಾರದು, ಡ್ರೋನ್ ಶಾಟ್ ಸಿಗತೈತೋ ಇಲ್ಲೋ.

ಓದಿದ ಪುಟ: ಸೊನ್ನೆ.
ಒಬ್ಬರು ಬರೆದದ್ದನ್ನ ಇನ್ನೊಬ್ಬರು ಕುಂತು ಕೇಳಿದ್ದು: ಸೊನ್ನೆ.

ಯಾಕ ಹಿಂಗ? ನಾವು ಸೋಮಾರಿಗಳು ಅನ್ನೂದು ಸುಳ್ಳು. ಲೋಗೋ ಮಾಡಿದಾಂವ ರಾತ್ರಿ ಎರಡರ ತನಕ ಎದ್ದಿದ್ದ. ವಿಷಯ ಬ್ಯಾರೆ ಐತಿ. ಪ್ಲ್ಯಾನ್ ಅನ್ನೂದು ಭಾಳ ಸಿಹಿ, ಯಾಕಂದ್ರ ಪ್ಲ್ಯಾನಿನ್ಯಾಗ ಯಾರೂ ಫೇಲ್ ಆಗೂದಿಲ್ಲ. ಪ್ಲ್ಯಾನಿನ್ಯಾಗ ನಾವೆಲ್ಲಾ ಕವಿಗಳು, ನಾಟಕಕಾರರು, ಡೈರೆಕ್ಟರುಗಳು. ಕುಂತು ಓದಿದ್ರ ಗೊತ್ತಾಗತೈತಿ: ಒಬ್ಬನಿಗೆ ಒತ್ತಕ್ಷರ ತೊದಲತಾವು, ಒಬ್ಬಾಕಿ ಕವಿತೆಯ ಎರಡನೇ ಭಾಗ ಸಪ್ಪೆ, ನನಗೆ ಕತಿ ಅರ್ಥನ ಆಗಿಲ್ಲ. ಆ ನಾಚಿಕೆ ತಪ್ಪಿಸಿಕೊಳ್ಳಾಕ ನಾವು ಪ್ಲ್ಯಾನ್ ಮಾಡಾಕತ್ತೀವಿ.

ಲಗ್ನದ ಕಾರ್ಡ್ ನಾಲ್ಕು ಸಲ ಅಚ್ಚು ಹಾಕಿಸಿ ಹೆಣ್ಣನ್ನ ಇನ್ನೂ ನೋಡದವನಿಗೆ ನೀವು ಏನಂತೀರಿ? ಅದನ್ನ ನಮಗೂ ಅಂದುಕೊಳ್ರಿ.

(3/10)
ಈಗ ನಮ್ಮೆಲ್ಲರ ಫೇವರಿಟ್ ನೆಪ: "ನಮ್ಮ ಊರಾಗ ಏನೈತಿ ಲೇ? ಬೆಂಗಳೂರಾಗ ಇದ್ದಿದ್ರ..."

ಬೆಂಗಳೂರು ಬಿಡ್ರಿ. ಹಲಸಂಗಿ ಹೆಸರು ಕೇಳೀರೇನು? ವಿಜಯಪುರ ಜಿಲ್ಲೆಯ ಒಂದು ಹಳ್ಳಿ. 1997ರಲ್ಲಿ ಬಾಗಲಕೋಟೆ ಬ್ಯಾರೆ ಜಿಲ್ಲಾ ಆಗೋ ತನಕ ನಮ್ಮ ಬಾದಾಮಿ, ಹುನಗುಂದ, ಇಳಕಲ್ಲೂ ಅದ ಜಿಲ್ಲಾದೊಳಗ ಇದ್ದವು. ಅಂದ್ರ ಹಳೇ ಲೆಕ್ಕದಾಗ ಅವರು ನಮ್ಮ ಜಿಲ್ಲಾದವರ.

ಆ ಹಳ್ಳಿಯಲ್ಲಿ ನೂರು ವರ್ಷದ ಹಿಂದೆ ಒಂದು ಗೆಳೆಯರ ಗುಂಪು ಇತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಇವತ್ತಿಗೂ ಪುಸ್ತಕಗಳಲ್ಲಿ ಅವರನ್ನ 'ಹಲಸಂಗಿ ಗೆಳೆಯರು' ಅಂತಾನ ಕರೀತಾರ. ಬ್ರ್ಯಾಂಡಿಂಗ್ ಅಂದ್ರ ಇದು ನೋಡ್ರಿ: ಊರಿನ ಹೆಸರು, ಮುಂದ 'ಗೆಳೆಯರು'. ಮುಗೀತು. ಮೂರು ವಾರ ಬೇಕಾಗಲಿಲ್ಲ.

ಮಧುರಚೆನ್ನರ ಪೂರ್ತಿ ಹೆಸರು ಚೆನ್ನಮಲ್ಲಪ್ಪ ಗಲಗಲಿ. ಹುಟ್ಟಿದ್ದು 1903ರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಇಂಗ್ಲಿಷು ತಮ್ಮಷ್ಟಕ್ಕೆ ತಾವು ಕಲಿತರು, ಹಳೇ ಶಾಸನ ಓದೋದು ಕಲಿತರು, ಕವಿತೆ ಬರೆದರು. ಆ ಹಳ್ಳಿಯಲ್ಲಿ ಆಡಿಟೋರಿಯಂ ಇತ್ತೇನು? ಪ್ರೊಜೆಕ್ಟರ್ ಇತ್ತೇನು?

ಇನ್ನೊಂದು ಊರು ಹೇಳತೀನಿ: ಸಾಗರ ತಾಲೂಕಿನ ಹೆಗ್ಗೋಡು. ಅಡಿಕೆ ತೋಟದ ನಡುವಿನ ಸಣ್ಣ ಊರು. ಅಲ್ಲಿ 1949ರಲ್ಲಿ ನೀನಾಸಂ ಶುರುವಾತು. ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಟಕ ಕಲಿಯಾಕ ಬೆಂಗಳೂರಿನವರ ಹೆಗ್ಗೋಡಿಗೆ ಹೋಗತಾರ.

ಊರು ಸಣ್ಣದು ಅನ್ನೂದು ನೆಪ. ಕುಂಡಿ ಊರಿ ಕುಂಡ್ರಾಕ ಎಷ್ಟು ಜಾಗ ಬೇಕು?

(4/10)
ಹಲಸಂಗಿಯವರು ಸೇರಿ ಮಾಡಿದ್ದು ಏನು ಅನ್ನೂದು ಇನ್ನೂ ಮುಖ್ಯ.

ಅವರು ಒಬ್ಬರ ಕವಿತೆಗೆ ಒಬ್ಬರು "ವಾಹ್" ಅಂದು ಮನಿಗೆ ಹೋಗಲಿಲ್ಲ. ಕಿವಿಯನ್ನ ಊರ ಕಡೆ ತಿರುಗಿಸಿದರು. ಬೆಳಗಿನ ಜಾವ ಮನೆಮನೆಯಲ್ಲಿ ಬೀಸುಕಲ್ಲಿನ ಸಪ್ಪಳದ ಜೊತೆ ಹೆಣ್ಣುಮಕ್ಕಳು ಹಾಡುತ್ತಿದ್ದರಲ್ಲ, ತವರಿನ ನೆನಪು, ಅಣ್ಣನ ಮೇಲಿನ ಮಾಯೆ, ಅತ್ತೆಮನೆಯ ಸಂಕಟ, ತೊಟ್ಟಿಲ ಕೂಸು, ಆ ತ್ರಿಪದಿಗಳನ್ನ ಕೇಳಿ ಬರೆದುಕೊಂಡರು. ಅವು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ಆದವು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'.

ಆವಾಗ ಓದಿದವರು ಅನ್ನಿಸಿಕೊಂಡ ಭಾಳ ಮಂದಿಗೆ ಅದು ಸಾಹಿತ್ಯನೇ ಆಗಿರಲಿಲ್ಲ. ಬೀಸೋ ಹಾಡು, ಕುಟ್ಟೋ ಹಾಡು, ಅಷ್ಟ. ಮನಿಯೊಳಗ ದಿನಾ ಕೇಳೋದಕ್ಕೆ ಯಾರು ಕಿವಿ ಕೊಡತಾರ? ಈ ಗೆಳೆಯರು ಕೊಟ್ಟರು.

ಆಮೇಲೆ ಏನಾತು? ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುಕಲ್ಲು ಮೂಲಿಗೆ ಸೇರಿತು. ಕಲ್ಲು ನಿಂತ ಮೇಲೆ ಅದರ ಜೊತೆಗಿನ ಹಾಡಿಗೂ ಕೆಲಸ ಇಲ್ಲದಂಗಾತು. "ಮೊದಲು ನಮ್ಮ ಸಂಘದ ಹೆಸರು ಫೈನಲ್ ಆಗಲಿ, ಆಮೇಲೆ ಬರಕೊಳ್ಳೂಣು" ಅಂತ ಅವರು ಕುಂತಿದ್ದರ, ಇವತ್ತು ನಮ್ಮ ಪಠ್ಯದಾಗ ಬರೋ ಆ ಮೂರು ಸಾಲಿನ ಪದಗಳು ಎಷ್ಟು ಉಳೀತಿದ್ದವು?

ಒಂದು ಗುಂಪು ಬದುಕೂದು ತನ್ನ ಹೊರಗಿನ ಒಂದು ಕೆಲಸದಿಂದ. ಬರೇ ತನ್ನನ್ನ ತಾನ ನೋಡಿಕೊಳ್ಳೋ ಗುಂಪು ಸೆಲ್ಫಿ ಇದ್ದಂಗ. ಎಲ್ಲಾರೂ ಇರತಾರ, ಹಿಂದಿನ ಊರು ಕಾಣೂದಿಲ್ಲ.

(5/10)
ಐದನೇ ಫೋಟೋ ನಮ್ಮ ಅಜ್ಜಿಯ ಕೈ. ಮುಖ ಹಾಕಬ್ಯಾಡ ಅಂದಾಳ.

ಕಾರ್ತಿಕದಾಗ ನಾನ ಗ್ರೂಪಿನ್ಯಾಗ ಬರದಿದ್ದೆ: "ನಮ್ಮ ಅಜ್ಜಿಗೆ ಬೀಸೋ ಹಾಡು ಭಾಳ ಬರತಾವು. ಒಂದು ಸಲ ಎಲ್ಲಾರೂ ಬರ್ರಿ, ರೆಕಾರ್ಡ್ ಮಾಡೂಣು." ಹಳೇ ಚಾಟ್ ತೆಗೆದು ನೋಡ್ರಿ, ಇನ್ನೂ ಐತಿ. ಅದಕ್ಕ ಬಂದ ಉತ್ತರ: "ಸೂಪರ್ ಐಡಿಯಾ! ಮೊದಲು ಪೇಜ್ ಲಾಂಚ್ ಆಗಲಿ, ಆಮೇಲೆ ಇದನ್ನ ಸೀರೀಸ್ ಮಾಡೂಣು. ಒಳ್ಳೇ ಮೈಕ್ ತರಸೂಣು." ನಾನೂ "ಓಕೆ" ಅಂದೆ. ಅಜ್ಜಿ ನಮ್ಮ ಮನಿಯಾಗ ಇದ್ದಳು. ಮೊಬೈಲ್ ನನ್ನ ಕಿಸೆಯಾಗ ಇತ್ತು. ಆದ್ರೂ ನಾ ಮೈಕ್ ಕಾಯ್ಕೊಂತ ಕುಂತೆ.

ಸಂಕ್ರಾಂತಿ ಆಗಿ ಎರಡನೇ ವಾರಕ್ಕ ಅಜ್ಜಿಗೆ ಲಕ್ವಾ ಹೊಡೀತು. ಜೀವಕ್ಕ ಏನೂ ಆಗಿಲ್ಲ, ಉಣ್ಣತಾಳ, ನಗತಾಳ, ನನ್ನ ಗುರುತು ಹಿಡೀತಾಳ. ಮಾತು ಹೋಗೇತಿ. ಮೊನ್ನೆ ಬಾಜು ಕುಂತು "ಆಯಿ, ಬೀಸೋ ಹಾಡು" ಅಂದೆ. ಬಲಗೈ ಸ್ವಲ್ಪ ಗುಂಡಗ ತಿರುಗಿಸಿದಳು, ಕಲ್ಲು ತಿರುವಿದಂಗ. ಗಂಟಲಾಗಿಂದ ರಾಗ ಬಂತು. ಪೂರ್ತಿ ರಾಗ, ಏರೋದು ಇಳಿಯೋದು ಎಲ್ಲಾ ಸರಿಯಾಗಿ. ಒಂದು ಅಕ್ಷರ ಬರಲಿಲ್ಲ.

ನಿಮ್ಮನ್ನ ಅಳಸಾಕ ಇದನ್ನ ಬರದಿಲ್ಲ. ಲೆಕ್ಕ ಹೇಳಾಕ ಬರದೀನಿ. ನಮ್ಮ ಲೋಗೋದ ಬೆಲೆ ಎಷ್ಟು ಅಂತ ಯಾರಾದ್ರೂ ಕೇಳಿದ್ರ, ಫ್ರೀ ಆ್ಯಪಿನ್ಯಾಗ ಮಾಡಿದ್ದು ಅಂತ ಹೇಳಬ್ಯಾಡ್ರಿ. ನನ್ನ ಲೆಕ್ಕದಾಗ ಅದರ ಬೆಲೆ ಇದು. ನಿಮ್ಮ ಮನಿಯಾಗೂ ಒಬ್ಬಾಕಿ ಅದಾಳ. ಇನ್ನೂ ಮಾತಾಡಾಕತ್ತಾಳ.

(6/10)
ಇನ್ನು "ನಾವು ಇನ್ನೂ ಸಣ್ಣವರು, ಏನು ಬರದೇವಿ ಅಂತ ಓದೂದು?" ಅನ್ನೋರಿಗೆ.

ಅದ ಕಾಲಕ್ಕೆ ಧಾರವಾಡದಾಗ ಇನ್ನೊಂದು ಗುಂಪು ಇತ್ತು. ಅದರ ಹೆಸರು 'ಗೆಳೆಯರ ಗುಂಪು'. ಅಷ್ಟ, ಮುಂದ ಏನೂ ಇಲ್ಲ. ನಡುವೆ ದ.ರಾ. ಬೇಂದ್ರೆ, ಸುತ್ತ ಶಂ.ಬಾ. ಜೋಶಿ, ಆನಂದಕಂದ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ. ಬೇಂದ್ರೆ ಹುಟ್ಟಿದ್ದು 1896, ಗೋಕಾಕರು 1909. ಅಂದ್ರ ಹದಿಮೂರು ವರ್ಷದ ಅಂತರ. ಗೋಕಾಕರು ಆಗ ಕಾಲೇಜು ಓದೋ ಹುಡುಗ. ಮುಂದ ಇಬ್ಬರಿಗೂ ಜ್ಞಾನಪೀಠ ಬಂತು ಅನ್ನೂದು ನಮಗ ಗೊತ್ತು. ಅವರಿಗೆ ಆಗ ಗೊತ್ತಿರಲಿಲ್ಲ. ಬೇಂದ್ರೆಯವರ 'ಗರಿ' ಬಂದದ್ದ 1932ಕ್ಕ. ಸೇರಿದ್ದು ಪ್ರಶಸ್ತಿ ಬಂದ ಮೇಲಲ್ಲ.

ನಮ್ಮ ರೋಗ ಎರಡನೇದು: ಹೊಗಳಿಕೆ. ನಮ್ಮೊಳಗ ಒಬ್ಬಾಂವ ಕವಿತೆ ಸ್ಟೋರಿಗೆ ಹಾಕತಾನ. "ಸೂಪರ್ ಗುರು", "ಮುಂದಿನ ಬೇಂದ್ರೆ". ನಾನೂ ಹಾಕೀನಿ. ಖರೇ ಹೇಳ್ರಿ, ಮೂರನೇ ಸಾಲು ದಾಟಿ ಓದೀರೇನು?

ನಮ್ಮ ನೆಲದ ಕೂಟ ಹಿಂಗ ಇರಲಿಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮ ಇಲ್ಲಿಂದ ದೂರ ಇಲ್ಲ. ಇದ ಮಲಪ್ರಭೆ ಅಲ್ಲಿ ಹೋಗಿ ಕೃಷ್ಣೆಗೆ ಸೇರತಾಳ. ಅಲ್ಲಿ ಕಲಿತ ಬಸವಣ್ಣ ಕಲ್ಯಾಣದಾಗ ಕಟ್ಟಿದ ಕೂಟದೊಳಗ ಅಕ್ಕಮಹಾದೇವಿ ಬಂದಾಗ ಅಲ್ಲಮ ಹೂವು ಹಾಕಿ ಕರಕೊಳ್ಳಲಿಲ್ಲ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ ಅಂತ ಶೂನ್ಯಸಂಪಾದನೆ ಹೇಳತೈತಿ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನ ಹೋಗಿ ಅಲ್ಲೇ ಸುರಿದು ಬಾ ಅಂದಾಕಿ.

ನಮಗೂ ಅಂಥ ಗೆಳೆಯರು ಬೇಕು. ಕವಿತೆಯಾಗಿನ ಹೆಚ್ಚಿನ ಅಕ್ಕಿ ವಾಪಸ್ ಸುರಿದು ಬಾ ಅನ್ನೋರು.

(7/10)
ಮತ್ತೆ ಈ ಜಾಗಕ್ಕ ಬರೂಣು. ಶಿವಯೋಗ ಮಂದಿರದ ಬೋರ್ಡಿನ ಮುಂದ ನಾವೆಲ್ಲಾ ಫೋಟೋ ತಕ್ಕೊಂಡೀವಿ. ಇಲ್ಲಿಯ ವಿಭೂತಿ ನಮ್ಮ ಮನಿ ಮನಿಯಾಗ ಐತಿ. ಆದ್ರ ಇದು ಹೆಂಗ ಶುರುವಾತು ಅಂತ ಕೇಳೀವೇನು?

ಹಾನಗಲ್ ಕುಮಾರಸ್ವಾಮಿಗಳು ಇದನ್ನ 1909ರಲ್ಲಿ ಮಲಪ್ರಭೆಯ ದಂಡೆಗೆ ಶುರು ಮಾಡಿದರು. ಹೊಳಿದಂಡಿ, ಊರಿನ ಗದ್ದಲದಿಂದ ದೂರ. ವಟುಗಳನ್ನ ತಂದು, ಓದಿಸಿ, ತಯಾರು ಮಾಡಿ ಮಠಗಳಿಗೆ ಕಳಿಸೋ ಕೆಲಸ. ತಾಳೆಗರಿಯ ಹಳೇ ಗ್ರಂಥಗಳನ್ನ ಕೂಡಿಸಿ ಇಟ್ಟರು. ಕಣ್ಣು ಕಾಣದ ಹುಡುಗನೊಬ್ಬನ ದನಿ ಕೇಳಿ ಅವನ ಸಂಗೀತಕ್ಕ ಆಸರಾಗಿ ನಿಂತರು. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಎಷ್ಟು ಅಂಧ ಮಕ್ಕಳು ಕಲಿತರು ಅನ್ನೂದು ನಿಮಗ ಗೊತ್ತ ಐತಿ.

"ಅದು ಮಠ, ನಮ್ಮದು ಸಾಹಿತ್ಯ" ಅಂತ ಯಾರೋ ಕಾಮೆಂಟ್ ಟೈಪ್ ಮಾಡಾಕತ್ತೀರಿ, ಗೊತ್ತು. ಒಪ್ಪಿದೆ. ಅದು ಸ್ವಾಮಿಗಳನ್ನ ತಯಾರು ಮಾಡೋ ಜಾಗ. ಅಲ್ಲಿ ಗುರು ಇರತಾರ, ಕಟ್ಟಳೆ ಇರತಾವು. ಗೆಳೆಯರ ಕೂಟದಾಗ ಗುರು ಬ್ಯಾಡ, ಜಾತಿ ಕೇಳಬಾರದು, ಹುಡುಗ ಹುಡುಗಿ ಅಂತ ಬಾಗಿಲು ಬ್ಯಾರೆ ಇರಬಾರದು. ಹಲಸಂಗಿಯಾಗ ಚೆನ್ನಮಲ್ಲಪ್ಪನೂ ಧೂಲಾಸಾಹೇಬನೂ ಒಂದ ಗುಂಪಿನವರು.

ಆದ್ರ ಒಂದು ವಿಷಯ ಮಠದಿಂದ ಕಲಿಯೋದು ಐತಿ: ಹೊತ್ತು. ಮಠದಾಗ ಹೊತ್ತಿಗೆ ಸರಿಯಾಗಿ ಗಂಟಿ ಬಾರಸತೈತಿ. ಮೂಡ್ ಐತೇನು ಅಂತ ಯಾರನ್ನೂ ಕೇಳೂದಿಲ್ಲ. ನೂರು ವರ್ಷ ಉಳಿದದ್ದು ಅದಕ್ಕ. ನಮ್ಮ ಗ್ರೂಪಿನ್ಯಾಗ ದಿನಕ್ಕ ನೂರು ಸಲ ಗಂಟಿ ಬಾರಸತೈತಿ, ಒಬ್ಬರೂ ಏಳೂದಿಲ್ಲ.

(8/10)
ಈಗ ನನ್ನ ತಪ್ಪು.

ಖಾಲಿ ದಂಡೆಯ ಫೋಟೋ ಅವತ್ತ ಸ್ಟೋರಿಗೆ ಹಾಕಿದ್ದೆ, "ಯಾರಿಗೂ ಕಾಳಜಿ ಇಲ್ಲ" ಅಂತ ಬರದು. ರಾತ್ರಿ ನಮ್ಮ ಗ್ರೂಪಿನ ಒಬ್ಬಾಕಿ ಪರ್ಸನಲ್ ಮೆಸೇಜ್ ಮಾಡಿದಳು. "ಆರು ಗಂಟೆಗೆ ಇಟ್ಟೀಯಲ್ಲ, ಮುಗಿಯೋದು ಎಂಟಕ್ಕ. ನಮ್ಮೂರಿಗೆ ಕಡೇ ಬಸ್ ಎಷ್ಟಕ್ಕ ಅಂತ ಒಂದು ಸಲನಾದ್ರೂ ಕೇಳೀಯೇನು? ನಾನು ಆ ಕತಿ ಎರಡು ಸಲ ಓದಿದ್ದೆ. ಹೆಬ್ಬೆಟ್ಟು ಹಾಕದಾಕಿ ನಾನೊಬ್ಬಾಕಿನ, ಚೆಕ್ ಮಾಡು."

ಚೆಕ್ ಮಾಡಿದೆ. ಖರೇ.

ಅಂದ್ರ, ಹೆಬ್ಬೆಟ್ಟು ಎತ್ತಿದ ಹದಿನೆಂಟು ಮಂದಿ ಓದಿರಲಿಲ್ಲ, ಓದಿದಾಕಿಗೆ ಬರಾಕ ದಾರಿ ಇರಲಿಲ್ಲ. ದಾರಿ ಮುಚ್ಚಿದಾಂವ ನಾನ. ನಮ್ಮ ಗ್ರೂಪಿನ್ಯಾಗ ಏಳು ಹುಡುಗ್ಯಾರು ಅದಾರ. ಐದು ತಿಂಗಳ ಎಲ್ಲಾ ಪ್ಲ್ಯಾನೂ ಸಂಜಿ ಮೇಲಿಂದ. ಯಾಕಂದ್ರ ನಮಗ ಹೊಳಿ ಮ್ಯಾಲೆ ಸೂರ್ಯಾಸ್ತ ಬೇಕು, ರೀಲಿಗೆ ಬೆಳಕು ಚಂದ ಬರತೈತಿ.

ಇಲ್ಲಿ ಹಲಸಂಗಿಯವರನ್ನೂ ಧಾರವಾಡದವರನ್ನೂ ಸ್ವಲ್ಪ ಪ್ರಶ್ನೆ ಮಾಡಬೇಕು. ಮೇಲೆ ನಾನು ಬರೆದ ಹೆಸರುಗಳನ್ನ ಮತ್ತೊಮ್ಮೆ ಓದ್ರಿ. ಎಲ್ಲಾ ಗಂಡಸರು. ಗರತಿಯ ಹಾಡನ್ನ ಕೂಡಿಸಿದವರ ಹೆಸರು ನಮಗ ಬಾಯಿಪಾಠ. ಹಾಡಿದ ಗರತಿಯರ ಒಂದು ಹೆಸರು ಹೇಳ್ರಿ ನೋಡೂಣು? ನನಗೂ ಬರೂದಿಲ್ಲ. ಅವರಿಗಿಂತ ಎಂಟು ನೂರು ವರ್ಷ ಹಿಂದಿನ ಲಕ್ಕಮ್ಮನ ವಚನ ಇವತ್ತಿಗೂ ಅಕಿ ಹೆಸರಿನ್ಯಾಗ, ಅಕಿ ಅಂಕಿತದಾಗ ಐತಿ.

ಅದಕ್ಕ, ನಾವು ಯಾವ ಅಜ್ಜಿಯ ಹಾಡು ಬರಕೊಂಡ್ರೂ ಮೊದಲನೇ ಸಾಲಿನ್ಯಾಗ ಅಕಿ ಹೆಸರು ಇರಬೇಕು. ಅಕಿ ಒಪ್ಪಿದ್ರ ಮಾತ್ರ. ನಮ್ಮ ಪೇಜಿನ ಹೆಸರು ಕೆಳಗ, ಸಣ್ಣ ಅಕ್ಷರದಾಗ.

(9/10)
ಬರೋ ಕಾಮೆಂಟುಗಳಿಗೆ ಮೊದಲ ಉತ್ತರ.

"ಪರೀಕ್ಷೆ ಐತಿ, ಪಿಎಸ್‌ಐ ತಯಾರಿ ಐತಿ, ಮನಿಯಾಗ ಹೊಲದ ಕೆಲಸ ಐತಿ."
ಎಲ್ಲಾ ಖರೇ. ನಾನು ಕೇಳೂದು ವಾರಕ್ಕ ಎರಡು ತಾಸು. ಟೀ ಶರ್ಟಿನ ಬಣ್ಣಕ್ಕ ಇದರಕಿಂತ ಹೆಚ್ಚು ಕೊಟ್ಟೀರಿ.

"ಇದರಿಂದ ನೌಕರಿ ಸಿಗತೈತೇನು?"
ಇಲ್ಲ. ಸಿಗತೈತಿ ಅಂತ ಸುಳ್ಳು ಹೇಳೂದಿಲ್ಲ. ಆದ್ರ ಡಿಗ್ರಿ ಮುಗಿದ ಮ್ಯಾಲೆ ನಮ್ಮೊಳಗ ಎಷ್ಟು ಮಂದಿ ಊರಾಗ ಉಳಿಯೋರು? ಬೆಂಗಳೂರು, ಗೋವಾ, ಪುಣೆ, ಯಾವುದೋ ಊರಿನ ರೂಮಿನ್ಯಾಗ ರಾತ್ರಿ ಪಾಳಿ ಮುಗಿಸಿ ಒಬ್ಬರ ಕುಂತಾಗ ನಮ್ಮ ಕಡೆ ಏನು ಇರಬೇಕು? ಲೋಗೋ ಇರತೈತೇನು? ಗೆಳೆಯನ ದನಿಯಾಗ ಕೇಳಿದ ಒಂದು ಕತಿ ಇರತೈತಿ. ಅದನ್ನ ಯಾವ ಕಂಪನಿನೂ ತಕ್ಕೊಳ್ಳಾಕ ಬರೂದಿಲ್ಲ.

"ನೀನೂ ಇನ್‌ಸ್ಟಾದಾಗ ಬರದು ಇನ್‌ಸ್ಟಾಕ್ಕ ಬೈತೀಯಲ್ಲ?"
ನಾನು ಫೋನಿಗೆ ಬೈದಿಲ್ಲ. ಅಜ್ಜಿ ದನಿ ಉಳಿಸಬಹುದಾಗಿದ್ದು ಇದ ಫೋನು. ಹಲಸಂಗಿಯವರಿಗೆ ಪೆನ್ಸಿಲ್ ಇತ್ತು, ಕೇಳಿ ಕೇಳಿ ಬರಕೊಂಡರು. ನಮ್ಮ ಕಿಸೆಯಾಗ ರೆಕಾರ್ಡರ್, ಕ್ಯಾಮೆರಾ, ಲೈಬ್ರರಿ ಎಲ್ಲಾ ಐತಿ. ಬೈದದ್ದು ಅದನ್ನ ಕನ್ನಡಿ ಮಾಡಿಕೊಂಡ ನಮಗ.

"ದೊಡ್ಡ ಕಾರ್ಯಕ್ರಮ ಮಾಡಿದ್ರ ಮಂದಿ ಬರತಾರ."
ಬರತಾರ. ಕುರ್ಚಿ, ಹಾರ, ಶಾಲು, ಮೂರು ಭಾಷಣ, ವಂದನಾರ್ಪಣೆ. ಮರುದಿನ ಶಾಮಿಯಾನ ಬಿಚ್ಚತಾರ. ಬನಶಂಕರಿ ಜಾತ್ರಿಯಾಗ ನಾಟಕ ಕಂಪನಿಗಳು ವಾರಗಟ್ಟಲೆ ಆಡತಾವಲ್ಲ, ಅಲ್ಲಿ ರಾತ್ರಿ ಜನ ತುಂಬೂದು ಉದ್ಘಾಟನೆಯಿಂದಲ್ಲ. ದಿನಾ ರಾತ್ರಿ ಪರದೆ ಏಳತೈತಿ ಅನ್ನೋ ನಂಬಿಕಿಯಿಂದ.

(10/10)
ಇಷ್ಟು ಬೈದ ಮ್ಯಾಲೆ ನಾನೂ ಪ್ಲ್ಯಾನ್ ಹೇಳಿ ಮುಗಿಸಿದ್ರ ನಾಚಿಕೆ. ಆದ್ರ ಇದು ಪ್ಲ್ಯಾನ್ ಅಲ್ಲ, ಹೊತ್ತು ಮತ್ತು ಜಾಗ.

ಈ ಭಾನುವಾರ. ಬೆಳಿಗ್ಗೆ ಹತ್ತೂವರೆ. ಶಿವಯೋಗ ಮಂದಿರದ ಹತ್ರ, ಹೊಳಿದಂಡಿ, ಮೊದಲನೇ ಫೋಟೋದಾಗಿನ ಅದ ಜಾಗ. ಹನ್ನೆರಡೂವರೆಗೆ ಮುಗೀತೈತಿ, ಎಲ್ಲಾರಿಗೂ ಬಸ್ ಸಿಗತೈತಿ. ಈ ಸಲ ಮೊದಲು ಬಸ್ಸಿನ ಟೈಮ್ ಕೇಳೀನಿ, ಆಮೇಲೆ ಹೊತ್ತು ಇಟ್ಟೀನಿ.

ಒಂದು: ಒಬ್ಬರು ಓದೋದು, ಉಳಿದವರು ಕೇಳೋದು. ಹೋದ ವಾರದ ಅದ ಕತಿ. ಹತ್ತು ಝೆರಾಕ್ಸ್ ಇನ್ನೂ ನನ್ನ ಬ್ಯಾಗಿನ್ಯಾಗ ಅದಾವು.
ಎರಡು: "ಸೂಪರ್" ಅನ್ನೋ ಶಬ್ದ ಬಂದ್. ಎಲ್ಲಿ ಹಿಡೀತು, ಎಲ್ಲಿ ಬಿಟ್ಟಿತು, ಅಷ್ಟ ಹೇಳೋದು.
ಮೂರು: ಬರುವಾಗ ನಿಮ್ಮ ಮನಿಯ ಅಥವಾ ಓಣಿಯ ಒಬ್ಬಾಕಿ ಹಾಡಿನ ಒಂದ ಒಂದು ನುಡಿ ಬರಕೊಂಡು ಬರ್ರಿ. ಕೇಳಿದಂಗ ಬರೀರಿ, ತಿದ್ದಬ್ಯಾಡ್ರಿ. ಒಪ್ಪಿಗಿ ಕೇಳ್ರಿ, ಹೆಸರು ಬರೀರಿ.
ನಾಲ್ಕು: ಮೊದಲ ಒಂದು ತಾಸು ಫೋಟೋ ಇಲ್ಲ.

ಹೆಸರು, ಲೋಗೋ, ಪೇಜು? ಹತ್ತು ಭಾನುವಾರ ಆಗಲಿ. ಆಮೇಲೂ ಬೇಕು ಅನ್ನಿಸಿದ್ರ ಇಡೂಣು. ಹತ್ತು ವಾರ ಕುಂತವರಿಗೆ ಊರವರ ಒಂದು ಹೆಸರು ಇಡತಾರ.

ಇಬ್ಬರು ಬಂದ್ರ ಇಬ್ಬರು ಓದೂಣು. ಯಾರೂ ಬರಲಿಲ್ಲ ಅಂದ್ರ ನಾ ಜೋರಾಗಿ ಓದತೀನಿ. ನಾಯಿ ಹೋದ ಸಲ ಕಡೀ ತನಕ ಕುಂತಿತ್ತು, ನಿಮಗಿಂತ ಅದರ ಅಟೆಂಡೆನ್ಸ್ ಚಲೋ ಐತಿ.

ನಮ್ಮ ಅಜ್ಜಿಯ ರಾಗ ರೆಕಾರ್ಡ್ ಮಾಡೀನಿ. ಶಬ್ದ ಇಲ್ಲದ ನಲವತ್ತು ಸೆಕೆಂಡ್. ಅದನ್ನೂ ಕೇಳಸತೀನಿ. ನಿಮ್ಮ ಮನಿಯ ಯಾರಿಗಾದ್ರೂ ಆ ರಾಗದ ಶಬ್ದ ಗೊತ್ತಿದ್ರ, ಬಂದು ಹೇಳ್ರಿ.

ಈ ಪೋಸ್ಟಿಗೆ ಹೆಬ್ಬೆಟ್ಟು ಹಾಕಬ್ಯಾಡ್ರಿ. ಬರ್ರಿ.

#ಶಿವಯೋಗಮಂದಿರ #ಬಾದಾಮಿ #ಹುನಗುಂದ #ಇಳಕಲ್ #ಹಲಸಂಗಿಗೆಳೆಯರು #ಭಾನುವಾರಹತ್ತೂವರೆ